ಆಟ, ಆಮಿಷ ಮತ್ತು ಅಹಿಂಸೆ

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳುಂಟೆಂದು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಎಣಿಸುತ್ತದೆ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಈ ಐದನ್ನು ಪಾಠಶಾಲೆಯ ಮಕ್ಕಳು ಕೂಡ ತಡವರಿಸದೆ ಒಪ್ಪಿಸಬಲ್ಲರು. ಆದರೆ ಈ ಹೆಸರುಗಳು ಕಿವಿಗೆ ಬಿದ್ದೊಡನೆ ಶ್ರಾವಕರ ಮನಸ್ಸು ದನದ ಕೊಟ್ಟಿಗೆಯ ಕಡೆಗೆ ಹೊರಳುವುದೇ ರೂಢಿ. ಎತ್ತನ್ನು ಉಸಿರುಗಟ್ಟುವಂತೆ ಕಟ್ಟಬಾರದು, ಗಾಡಿಗೆ ಅಳತೆ ಮೀರಿ ಮೂಟೆ ಹೇರಬಾರದು, ಹೊತ್ತಿಗೆ ಸರಿಯಾಗಿ ಹುಲ್ಲುನೀರು ಕೊಡಬೇಕು. ಅಷ್ಟಾದರೆ ವ್ರತಕ್ಕೆ ಲೋಪವಿಲ್ಲ ಎಂಬ ಭಾವನೆ. ವ್ಯಾಖ್ಯಾನಕಾರರು ಕೊಟ್ಟಿರುವ ದೃಷ್ಟಾಂತಗಳೂ ಬಹುಮಟ್ಟಿಗೆ ಅಂಥವೇ ಆದುದರಿಂದ, ಕೊಟ್ಟಿಗೆಗಳೇ ಬರಿದಾಗಿರುವ ಈ ಕಾಲದಲ್ಲಿ ಸೂತ್ರವು ಹಳೆಯ ಬೇಸಾಯದ ಮನೆಗಳಿಗೆ ಸಂಬಂಧಿಸಿದ್ದೆಂದು ಹಲವರಿಗೆ ತೋರಿದರೆ ಆಶ್ಚರ್ಯವಿಲ್ಲ. ಇದೇ ಐದು ಮಾತುಗಳನ್ನು ಕೈಯಲ್ಲಿ ಹಿಡಿದು ಇನ್ನೊಂದು ಕೋಣೆಯನ್ನು ಹೊಕ್ಕು ನೋಡಬಹುದು. ಅದು ಆಟಿಸಂ ಎಂಬ ಭಿನ್ನತೆಯುಳ್ಳ ಮಗುವಿಗೆ ಮಾತು, ನಡತೆ, ಆಟಗಳನ್ನು ಹಿರಿಯರು ಕಲಿಸುತ್ತಿರುವ ಕೋಣೆ. ಅಲ್ಲಿ ಯಾವುದು ಶಿಕ್ಷಣ, ಯಾವುದು ಸಕ್ಕರೆ ಸವರಿದ ಬಲಾತ್ಕಾರ ಎಂಬುದು ಇಂದಿಗೂ ಪೂರ್ತಿಯಾಗಿ ಇತ್ಯರ್ಥವಾಗದ ಪ್ರಶ್ನೆಯಾಗಿದೆ.

1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮಕ್ಕಳ ಮನೋವೈದ್ಯರಾಗಿದ್ದ ಲಿಯೋ ಕ್ಯಾನರ್ ಅವರು 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಜನರಿಗಿಂತ ವಸ್ತುಗಳತ್ತ ಹೆಚ್ಚು ಒಲವು, ಎಲ್ಲವೂ ಇದ್ದಂತೆಯೇ ಇರಬೇಕೆಂಬ ಹಟ, ಕೇಳಿದ ಮಾತನ್ನೇ ಮರಳಿ ನುಡಿಯುವ ಅಭ್ಯಾಸ, ಅದರ ಜೊತೆಯಲ್ಲಿಯೇ ಬೆರಗು ಹುಟ್ಟಿಸುವ ನೆನಪಿನ ಶಕ್ತಿ, ಇವು ಆ ಮಕ್ಕಳಲ್ಲಿ ಅವರು ಕಂಡ ಲಕ್ಷಣಗಳು. ಗ್ರೀಕ್ ಭಾಷೆಯಲ್ಲಿ ‘ತಾನು’ ಎಂಬ ಅರ್ಥದ ಪದದಿಂದ ಆಟಿಸಂ ಎಂಬ ಹೆಸರು ಬಂದಿದೆ. ಕನ್ನಡದಲ್ಲಿ ಅದನ್ನು ‘ಸ್ವಲೀನತೆ’ ಎಂದು ಕರೆಯುವ ರೂಢಿ ಬಂದಿದೆ. ಜೈನರ ಕಿವಿಗೆ ಈ ಶಬ್ದವು ತುಸು ಮೋಸದ್ದು ಎನ್ನಬೇಕು. ಆತ್ಮಲೀನ, ಧ್ಯಾನಲೀನ ಎಂಬ ಪೂಜ್ಯ ಶಬ್ದಗಳ ಪಕ್ಕದಲ್ಲಿ ಅದು ಕೂತುಬಿಡುತ್ತದೆ; ಮಗುವನ್ನು ಪುಟ್ಟ ಯೋಗಿಯೆಂದು ಮುದ್ದಿಸಿ, ಮಾಡಬೇಕಾದುದನ್ನು ಮುಂದೂಡುವವರೂ ಇದ್ದಾರೆ. ಮಗು ಧ್ಯಾನದಲ್ಲಿಲ್ಲ. ಮಿಕ್ಸಿಯ ಸದ್ದು, ನೆಂಟರ ಗದ್ದಲ, ಅಂಗಿಯ ಹೊಲಿಗೆಯ ಚುಚ್ಚು ಇವೆಲ್ಲ ಅದರ ಮೇಲೆ ಒಟ್ಟಿಗೆ ಬಂದೆರಗುತ್ತಿರಬಹುದು. ಮುಖ ತಿರುಗಿಸುವುದು ಅದಕ್ಕೆ ಉಳಿದಿರುವ ಒಂದೇ ಆಶ್ರಯವಾಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಲೋಕದ ಸುಮಾರು 127 ಜನರಲ್ಲಿ ಒಬ್ಬರು ಆಟಿಸಂ ಉಳ್ಳವರು. ದೊಡ್ಡ ಬಳಗದ ಒಂದು ಮದುವೆಯ ಪಂಕ್ತಿಯಲ್ಲಿ ಇಂಥವರು ಇಬ್ಬರೋ ಮೂವರೋ ಇರಬೇಕು. ಕಾಣದಿದ್ದರೆ ಅವರನ್ನು ಮನೆಯಲ್ಲಿಯೇ ಬಿಟ್ಟು ಬಂದಿರುವ ಸಂಭವವೇ ಹೆಚ್ಚು.

ಮನೆಯಲ್ಲಿ ಬಿಟ್ಟುಬರುವುದರ ಹಿಂದೆ ಒಂದು ಪಿಸುಮಾತು ಇದೆ. ಪೂರ್ವಜನ್ಮದಲ್ಲಿ ಕಟ್ಟಿಕೊಂಡ ಜ್ಞಾನಾವರಣೀಯ ಕರ್ಮದ ಉದಯವಾಗಿದೆ, ಯಾರೇನು ಮಾಡಲಾದೀತು ಎಂಬ ಮಾತು ಅದು. ತಾಯಿಯ ಕಿವಿಗೆ ಅದು ಶಾಸ್ತ್ರವಾಕ್ಯವಾಗಿ ಕೇಳುವುದಿಲ್ಲ, ಆರೋಪವಾಗಿಯೇ ಕೇಳುತ್ತದೆ. ಪಶ್ಚಿಮದವರೂ ಈ ವಿಷಯದಲ್ಲಿ ಹೆಚ್ಚು ದಯಾಳುಗಳಾಗಿರಲಿಲ್ಲ. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಅವರು ಪ್ರಕಟಿಸಿದ ‘ದಿ ಎಂಪ್ಟಿ ಫೋರ್ಟ್ರೆಸ್’ ಎಂಬ ಗ್ರಂಥವು ಮಗುವಿನ ಈ ಸ್ಥಿತಿಗೆ ತಾಯಿಯ ಪ್ರೀತಿಯ ಕೊರತೆಯೇ ಕಾರಣವೆಂಬ ನಂಬಿಕೆಯನ್ನು ಜನರಲ್ಲಿ ಹರಡಿತು. ಅದಕ್ಕೂ ಮೊದಲೇ, 1964ರಲ್ಲಿ, ಆಟಿಸಂ ಉಳ್ಳ ಮಗನ ತಂದೆಯೂ ಮನಶ್ಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್ಲಂಡ್ ಅವರು ಕಾರಣವು ದೇಹಪ್ರಕೃತಿಯಲ್ಲಿದೆ, ತಾಯಿಯ ಮಡಿಲಿನಲ್ಲಿಲ್ಲ ಎಂದು ವಾದಿಸಿದ್ದರು. ಆಮೇಲಿನ ಅಧ್ಯಯನಗಳು ಅನುವಂಶೀಯತೆಯ ದೊಡ್ಡ ಪಾತ್ರವನ್ನು ತೋರಿಸಿ ಅವರ ಮಾತನ್ನೇ ಎತ್ತಿಹಿಡಿದವು. ಇನ್ನು ಕರ್ಮಸಿದ್ಧಾಂತದ ಮಾತು. ಜ್ಞಾನಾವರಣೀಯವು ಯಾವುದರಿಂದ ಆಸ್ರವವಾಗುತ್ತದೆಂದು ಅದೇ ತತ್ತ್ವಾರ್ಥಸೂತ್ರ ಹೇಳಿರುವುದನ್ನು ಪಿಸುಗುಡುವವರು ಮರೆಯುತ್ತಾರೆ. ತಿಳಿದುದನ್ನು ಮುಚ್ಚಿಡುವುದು, ಕಲಿಸಲು ಮತ್ಸರಪಡುವುದು, ಇನ್ನೊಬ್ಬರ ಕಲಿಕೆಗೆ ಅಡ್ಡಿಯಾಗುವುದು, ಇವೇ ಅಲ್ಲಿ ಎಣಿಸಲಾದ ಕಾರಣಗಳು. ಎಂದರೆ ಆ ಸೂತ್ರದ ಬೆರಳು ಕಲಿಯಲಾರದ ಮಗುವಿನತ್ತ ಚಾಚಿಲ್ಲ. ಕಲಿಸಬಹುದಾಗಿದ್ದೂ ಕಲಿಸದ ಹಿರಿಯರತ್ತ ಚಾಚಿದೆ.

ಕಲಿಸಬೇಕೆಂಬುದು ಸರಿ, ಹೇಗೆ ಎಂಬಲ್ಲಿ ತೊಡಕು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಈವಾರ್ ಲೋವಾಸ್ ಅವರು 1960ರ ದಶಕದಲ್ಲಿ ಒಂದು ಮಾರ್ಗವನ್ನು ತೆರೆದರು. ಮಗುವನ್ನು ಕುರ್ಚಿಯಲ್ಲಿ ಎದುರುಬದುರಾಗಿ ಕೂರಿಸಿ ಒಂದು ಚಿಕ್ಕ ಆಜ್ಞೆ ಕೊಡುವುದು, ಪಾಲಿಸಿದರೆ ಒಂದು ತುತ್ತು ತಿಂಡಿ, ಒಂದು ಹೊಗಳಿಕೆ, ಪಾಲಿಸದಿದ್ದರೆ ಗದರಿಕೆ, ಮತ್ತೆ ಅದೇ ಆಜ್ಞೆ. ಹೀಗೆ ದಿನಕ್ಕೆ ನೂರಾರು ಸಲ. ಆಗ ಹೊಡೆತವೂ ಈ ಪದ್ಧತಿಯ ಅಂಗವಾಗಿತ್ತು. 1965ರಲ್ಲಿ ‘ಲೈಫ್’ ಪತ್ರಿಕೆಯು ಅಲ್ಲಿಯ ಕೆಲಸವನ್ನು ಚಿತ್ರಗಳೊಡನೆ ವರದಿ ಮಾಡಿದಾಗ ಕಿರಿಚಾಟ ಮತ್ತು ಕೆನ್ನೆಯೇಟುಗಳು ಆ ಲೇಖನದ ಶೀರ್ಷಿಕೆಯಲ್ಲಿಯೇ ಇದ್ದವು. 1987ರಲ್ಲಿ ಲೋವಾಸ್ ಪ್ರಕಟಿಸಿದ ಫಲಿತಾಂಶ ಲೋಕವನ್ನು ಬೆರಗುಗೊಳಿಸಿತು. ಎರಡು ವರ್ಷಕ್ಕೂ ಹೆಚ್ಚು ಕಾಲ ವಾರಕ್ಕೆ 40 ಗಂಟೆಗಳಂತೆ ಕಲಿಸಲ್ಪಟ್ಟ 19 ಮಕ್ಕಳಲ್ಲಿ 9 ಮಕ್ಕಳು ಸಾಮಾನ್ಯ ಶಾಲೆಯ ಒಂದನೆಯ ತರಗತಿಯನ್ನು ಇತರರಂತೆಯೇ ಮುಗಿಸಿದರು. ಮಕ್ಕಳನ್ನು ಚೀಟಿ ಎತ್ತಿದಂತೆ ಯದೃಚ್ಛೆಯಾಗಿ ಎರಡು ಗುಂಪು ಮಾಡಿರಲಿಲ್ಲವಾದುದರಿಂದ ಈ ಲೆಕ್ಕದ ಬಗ್ಗೆ ವಿದ್ವಾಂಸರಲ್ಲಿ ಆಕ್ಷೇಪಗಳೆದ್ದವು. ಆದರೆ ತಂದೆತಾಯಿಗಳಿಗೆ ಆಕ್ಷೇಪ ಬೇಕಿರಲಿಲ್ಲ, ಭರವಸೆ ಬೇಕಿತ್ತು.

ಈ ಕೋಣೆಯೊಳಗೆ ಈಗ ಐದು ಅತಿಚಾರಗಳನ್ನು ತರಬೇಕು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ‘ಬಂಧ’ವನ್ನು ವಿವರಿಸುವಾಗ ಹಗ್ಗದ ಮಾತಿಗೆ ನಿಲ್ಲಲಿಲ್ಲ, ಜೀವಿಯು ತಾನು ಬಯಸಿದೆಡೆಗೆ ಹೋಗದಂತೆ ತಡೆಯುವುದನ್ನೇ ಬಂಧವೆಂದರು. ಕುರ್ಚಿ ಬಿಟ್ಟೇಳುವ ಮಗುವನ್ನು ತೊಡೆಗಳ ನಡುವೆ ಒತ್ತಿ ಕೂರಿಸುವುದು, ಸಂತೋಷಕ್ಕೆ ಗಾಳಿಯಲ್ಲಿ ಬಡಿದಾಡುವ ಅದರ ಕೈಗಳನ್ನು ಹಿಡಿದು ಮೇಜಿಗೆ ಒತ್ತುವುದು, ಇವು ಆ ವಿವರಣೆಗೆ ಹೊರತಲ್ಲ. ‘ವಧ’ವೆಂದರೆ ಇಲ್ಲಿ ಕೊಲ್ಲುವುದಲ್ಲ, ಕೋಲು ಚಾವಟಿ ಮುಂತಾದವುಗಳಿಂದ ಹೊಡೆಯುವುದು ಎಂದು ಅವರು ಬಿಡಿಸಿ ಹೇಳಿದ್ದಾರೆ, ತೊಡೆಯ ಮೇಲಿನ ಏಟು ಅಲ್ಲಿಗೆ ಸೇರಿತು. ವಾರಕ್ಕೆ 40 ಗಂಟೆ ಎಂದರೆ ಪ್ರಾಯಕ್ಕೆ ಬಂದ ಗುಮಾಸ್ತನ ದುಡಿಮೆ. ಮೂರು ವರ್ಷದ ಮಗುವಿನ ಮೇಲೆ ಅದು ಅತಿಭಾರವಲ್ಲದಿದ್ದರೆ ಆ ಶಬ್ದಕ್ಕೆ ಅರ್ಥವೇ ಉಳಿಯದು. ಅನ್ನಪಾನನಿರೋಧವು ಇನ್ನೂ ಸೂಕ್ಷ್ಮ. ತಿಂಡಿಯೇ ಬಹುಮಾನವಾದಾಗ ಹಸಿವೆಯು ಉಪಕರಣವಾಗುತ್ತದೆ. ಹೊಟ್ಟೆ ತುಂಬಿದ ಮಗುವಿಗೆ ಒಂದು ತುತ್ತಿನಲ್ಲಿ ಯಾವ ಆಸೆ? ಛೇದವೊಂದನ್ನು, ಕಿವಿಮೂಗುಗಳನ್ನು ಕೊಯ್ಯುವುದೆಂಬ ಅದರ ನೇರ ಅರ್ಥದಲ್ಲಿ, ಇಲ್ಲಿ ಹುಡುಕಬೇಕಾಗಿಲ್ಲ.

ಆದರೂ ಒಂದೇ ನಯದಿಂದ ನೋಡಿ ತೀರ್ಪು ಕೊಡುವುದು ಅನೇಕಾಂತಿಗೆ ಒಪ್ಪುವ ಮಾತಲ್ಲ. ಲೋವಾಸ್ ಈ ಕೆಲಸಕ್ಕೆ ಕೈ ಹಾಕುವ ಕಾಲದಲ್ಲಿ ಇಂಥ ಎಷ್ಟೋ ಮಕ್ಕಳ ಪಾಲಿಗೆ ಇದ್ದುದು ದೊಡ್ಡ ಆಸ್ಪತ್ರೆಗಳ ಬೀಗ ಹಾಕಿದ ವಾರ್ಡು. ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುವ ಮಗುವಿನ ಕೈಕಾಲುಗಳನ್ನು ಮಂಚಕ್ಕೆ ಕಟ್ಟಿಡುತ್ತಿದ್ದರು. ಇವು ಕಲಿಯಲಾರವೆಂದು ವೈದ್ಯರೇ ಕೈಚೆಲ್ಲಿದ್ದರು. ಕಲಿಯಬಲ್ಲವು ಎಂದು ತೋರಿಸಿಕೊಟ್ಟುದು ಅವರ ದೊಡ್ಡ ಉಪಕಾರ. ಅವರ ನಂತರದವರು ಏಟನ್ನು ಬಹುಮಟ್ಟಿಗೆ ಕೈಬಿಟ್ಟರು. ತಪ್ಪಿನ ಬೇರು ಏಟಿಗಿಂತ ಕೆಳಗಿತ್ತು. 1974ರ ಒಂದು ಸಂದರ್ಶನದಲ್ಲಿ ಲೋವಾಸ್, ಈ ಮಕ್ಕಳಿಗೆ ಕೂದಲು ಮೂಗು ಬಾಯಿಗಳಿದ್ದರೂ ಮನಶ್ಶಾಸ್ತ್ರದ ಅರ್ಥದಲ್ಲಿ ಅವರಿನ್ನೂ ವ್ಯಕ್ತಿಗಳಲ್ಲ, ವ್ಯಕ್ತಿಯನ್ನು ಶಿಕ್ಷಕನೇ ಕಟ್ಟಬೇಕು ಎಂಬರ್ಥದ ಮಾತನ್ನಾಡಿದರು. ಜೀವದ ಲಕ್ಷಣವೇ ಉಪಯೋಗ, ಅಂದರೆ ಅರಿಯುವ ಕಾಣುವ ವ್ಯಾಪಾರ. ಅದು ಏಕೇಂದ್ರಿಯ ಜೀವದಲ್ಲಿಯೂ ಇಲ್ಲದೆ ಹೋಗುವುದಿಲ್ಲ ಎಂದು ನಂಬಿದವರು ಈ ಮಾತಿನೆದುರು ತಡೆದು ನಿಲ್ಲಲೇಬೇಕು. ಒಳಗೆ ಯಾರೂ ಇಲ್ಲವೆಂದುಕೊಂಡವನು ಬಾಗಿಲು ತಟ್ಟುವುದಿಲ್ಲ, ನೇರವಾಗಿ ಒಳನುಗ್ಗುತ್ತಾನೆ.

ಬಾಗಿಲು ತಟ್ಟುವ ಮಾರ್ಗವೇ ಆಟದ ಮೂಲಕ ಕಲಿಸುವುದು. ಇದಕ್ಕೆ ಒಬ್ಬರೇ ಕರ್ತೃವಿಲ್ಲ. ಅಮೆರಿಕದ ಮಕ್ಕಳ ಮನೋವೈದ್ಯ ಸ್ಟ್ಯಾನ್ಲಿ ಗ್ರೀನ್‌ಸ್ಪ್ಯಾನ್ ಮತ್ತು ಅವರ ಸಹೋದ್ಯೋಗಿ ಸೆರೀನಾ ವೀಡರ್ ಬೆಳೆಸಿದ ‘ಫ್ಲೋರ್‌ಟೈಮ್’ ಪದ್ಧತಿ ಇವುಗಳಲ್ಲಿ ಹೆಸರಾದುದು. ನೆಲದ ಮೇಲೆ ಮಗುವಿನ ಮಟ್ಟಕ್ಕೆ ಇಳಿದು ಕೂತು ಕಳೆಯುವ ಹೊತ್ತು ಎಂದು ಅದರ ಅರ್ಥ. ಸ್ಯಾಲಿ ರಾಜರ್ಸ್ ಮತ್ತು ಜೆರಾಲ್ಡಿನ್ ಡಾಸನ್ ಅವರ ಡೆನ್ವರ್ ಮಾದರಿ, ಕಾನೀ ಕಸಾರಿ ಅವರ ಪದ್ಧತಿ ಮುಂತಾದವು ಆಟವನ್ನೂ ಹಳೆಯ ಅಭ್ಯಾಸಕ್ರಮವನ್ನೂ ಬೆರೆಸಿದವು. ಆದುದರಿಂದ ಎರಡು ಮಾರ್ಗಗಳ ನಡುವೆ ಕೋಟೆಗೋಡೆ ಇದೆಯೆಂದು ತಿಳಿಯಬೇಕಾಗಿಲ್ಲ; ಎರಡೂ ಕಡೆಯವರು ಈಗ ಒಬ್ಬರ ಹಿತ್ತಿಲಲ್ಲಿ ಇನ್ನೊಬ್ಬರು ಓಡಾಡುತ್ತಿದ್ದಾರೆ.

ಈ ಮಕ್ಕಳು ಆಡುವುದೇ ಇಲ್ಲ ಎಂಬ ದೂರು ಮನೆಗಳಲ್ಲಿ ಕೇಳಿಬರುತ್ತದೆ. ಅವು ಆಡುತ್ತವೆ, ಆಟದ ಪರಿ ಬೇರೆ. ಇತರ ಮಕ್ಕಳು ತೆಂಗಿನ ಕರಟದಲ್ಲಿ ಮಣ್ಣು ತುಂಬಿ ಅನ್ನವೆಂದು ಬಡಿಸಿ ಅಡುಗೆಯಾಟ ಆಡುವ ವಯಸ್ಸಿನಲ್ಲಿ ಈ ಮಗು ಆಟದ ಕಾರನ್ನು ಬುಡಮೇಲು ಮಾಡಿ ಅದರ ಚಕ್ರವನ್ನು ತಿರುಗಿಸುತ್ತಾ ಅರ್ಧ ಗಂಟೆ ಕೂರಬಹುದು. ಕಾರ್ಕಳ ಮೂಡುಬಿದಿರೆಯ ಕಡೆಯ ಮನೆಗಳಲ್ಲಿ ಚೆನ್ನೆಮಣೆ ತೆಗೆದರೆ ಸರದಿಯ ಮೇಲೆ ಕಾಯಿ ನಡೆಸುವುದನ್ನು ಬಿಟ್ಟು, 14 ಮನೆಗಳಿಂದಲೂ ಮಂಜೊಟ್ಟಿ ಕಾಳುಗಳನ್ನು ಬಾಚಿ ಮೇಲಿನಿಂದ ಸುರಿದು ಆ ಸದ್ದನ್ನು ಕೇಳುತ್ತಿರಬಹುದು. ಅದು ಆಟವಲ್ಲವೆಂದು ಮಣೆಯನ್ನು ಎತ್ತಿಡುವುದು ಸುಲಭ.

ಒಂದು ಸಾಧಾರಣ ದೃಷ್ಟಾಂತವನ್ನು ಊಹಿಸಿಕೊಳ್ಳಬಹುದು. ನಾಲ್ಕು ವರ್ಷದ ಮೊಮ್ಮಗ ಅಡುಗೆಮನೆಯ ಸ್ಟೀಲಿನ ಲೋಟಗಳನ್ನು ಹೊಸಿಲಿನುದ್ದಕ್ಕೂ ಸಾಲಾಗಿ ಇಡುತ್ತಿದ್ದಾನೆ. ಅಜ್ಜಿ ಬಂದು, ಪುಟ್ಟಾ, ಇದೆಷ್ಟು ಲೋಟ ಹೇಳು, ಇದರಲ್ಲಿ ದೊಡ್ಡದು ಯಾವುದು ಎಂದು ಕೇಳತೊಡಗಿದರೆ ಆಟ ಮುಗಿದು ಪರೀಕ್ಷೆ ಆರಂಭವಾಗುತ್ತದೆ. ಹಾಗೆ ಕೇಳದೆ, ಅಜ್ಜಿ ಪಕ್ಕದಲ್ಲಿ ಕೂತು ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಾರೆ. ಆಮೇಲೆ ತಾವೂ ಒಂದು ಲೋಟ ತೆಗೆದು ಸಾಲಿನ ತುದಿಗೆ ಇಡುತ್ತಾರೆ. ಹುಡುಗ ಅದನ್ನು ತಳ್ಳಿಬಿಡುತ್ತಾನೆ. ಅಜ್ಜಿ ಲೋಟವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಮರುದಿನವೂ ಹಾಗೆಯೇ. ನಾಲ್ಕನೆಯ ದಿನವೋ ಹತ್ತನೆಯ ದಿನವೋ ಅವನು ತಳ್ಳುವುದಿಲ್ಲ. ಅಥವಾ ತಳ್ಳಿದವನು ಅಜ್ಜಿಯ ಮುಖವನ್ನು ಒಮ್ಮೆ ಓರೆಗಣ್ಣಿನಿಂದ ನೋಡುತ್ತಾನೆ. ಇನ್ನೊಂದು ದಿನ ಕೊನೆಯ ಲೋಟ ಅಜ್ಜಿಯ ಕೈಯಲ್ಲಿರುವುದರಿಂದ ಅದಕ್ಕಾಗಿ ಕೈ ಚಾಚುತ್ತಾನೆ. ಅಜ್ಜಿ ಕೊಡುತ್ತಾರೆ, ಅವನು ಇಡುತ್ತಾನೆ, ಮತ್ತೆ ಕೈ ಚಾಚುತ್ತಾನೆ. ಒಬ್ಬರು ತೆರೆದುದನ್ನು ಇನ್ನೊಬ್ಬರು ಪೂರೈಸುವ ಈ ಕೊಡುಕೊಳ್ಳುವಿಕೆಯನ್ನು ಗ್ರೀನ್‌ಸ್ಪ್ಯಾನ್ ಸಂವಹನದ ವೃತ್ತಗಳೆಂದು ಕರೆದರು. ಮಾತು ಬರುವುದಾದರೆ ಇಂಥ ನೂರಾರು ವೃತ್ತಗಳ ಮೇಲೆ ಬರುತ್ತದೆ. ಬಾರದಿದ್ದರೂ ಅಜ್ಜಿಗೂ ಹುಡುಗನಿಗೂ ನಡುವೆ ಒಂದು ಕೊಡುಕೊಳ್ಳುವಿಕೆ ಹುಟ್ಟಿರುತ್ತದೆ.

ಇಲ್ಲಿ ನೈತಿಕವಾಗಿ ಮುಖ್ಯವಾದುದು ಲೋಟವಲ್ಲ, ಅಜ್ಜಿ ಅದನ್ನು ಹಿಂದಕ್ಕೆ ತೆಗೆದುಕೊಂಡ ಗಳಿಗೆ. ಮಗುವಿನ ‘ಬೇಡ’ಕ್ಕೆ ಆ ಕೋಣೆಯಲ್ಲಿ ಬೆಲೆಯಿದೆಯೇ ಎಂಬುದು ಅಲ್ಲಿ ಪರೀಕ್ಷಿತವಾಯಿತು. ಆಟಿಕೆಗಳು ತುಂಬಿದ, ಗೋಡೆಗೆ ಬಣ್ಣ ಬಳಿದ ಕೋಣೆಯಲ್ಲಿ ನಗುಮೊಗದ ಶಿಕ್ಷಕಿ ಇದ್ದಾರೆಂದ ಮಾತ್ರಕ್ಕೆ ಬಂಧವಾಗಲಿ ಅತಿಭಾರವಾಗಲಿ ಇಲ್ಲವೆಂದು ಹೇಳಲಾಗದು. ಮಗುವಿಗೆ ಪ್ರಿಯವಾದ ರೈಲುಬಂಡಿಯನ್ನು ಕಪಾಟಿನ ಮೇಲಿಟ್ಟು, ಹೆಸರು ಹೇಳಿದರೆ ಮಾತ್ರ ಕೊಡುತ್ತೇನೆ ಎನ್ನುವುದು ಆಟದ ವೇಷ ತೊಟ್ಟ ಹಳೆಯ ಕುರ್ಚಿಯೇ. ಆಗ ಆಟವು ಗಾಳದ ತುದಿಯ ಎರೆಹುಳುವಾಗುತ್ತದೆ. ಮನೆಯ ಎಲ್ಲ ಪ್ರಿಯವಸ್ತುಗಳೂ ಹೀಗೆ ಶರತ್ತಿಗೆ ಒಳಗಾದರೆ ಮಗುವಿಗೆ ತನ್ನದೆಂಬ ಒಂದು ಸಂತೋಷವೂ ಉಳಿಯುವುದಿಲ್ಲ. ಅನ್ನವನ್ನು ತಡೆಹಿಡಿಯದೆಯೇ ಅನ್ನಪಾನನಿರೋಧ ನಡೆದುಹೋಗುತ್ತದೆ. ಮಕ್ಕಳೆಲ್ಲರಿಗೂ ಬಹುಮಾನ ಕೊಡುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಕೊಡುತ್ತಾರೆ. ಆದರೆ ಬೇರೆ ಮಕ್ಕಳು ಬೇಡವೆಂದು ಬಾಯಿಬಿಟ್ಟು ಹೇಳಬಲ್ಲರು, ಮುನಿಯಬಲ್ಲರು, ಚೌಕಾಸಿ ಮಾಡಬಲ್ಲರು, ಪಕ್ಕದ ಮನೆಗೆ ಓಡಬಲ್ಲರು. ಮಾತಿಲ್ಲದ ಮಗುವಿಗೆ ಉಳಿದಿರುವುದು ತಳ್ಳುವ ಕೈ ಒಂದೇ. ಅದನ್ನೂ ಹಿಡಿದುಬಿಟ್ಟರೆ ಹೇಗೆ?

ಈ ತರಬೇತಿಗೊಂದು ದೂರಗಾಮಿ ಪರಿಣಾಮವೂ ಇದೆ. ಹಿರಿಯರು ಹೇಳಿದುದಕ್ಕೆಲ್ಲ ಮೈಯೊಪ್ಪಿಸುವುದನ್ನು ಬಾಲ್ಯದಲ್ಲಿ ರೂಢಿಮಾಡಿಕೊಂಡ ಹುಡುಗ ಅಥವಾ ಹುಡುಗಿಗೆ ಪ್ರಾಯ ಬಂದಾಗ ಕೆಟ್ಟ ಸ್ಪರ್ಶವನ್ನು ನಿರಾಕರಿಸುವ ಅಭ್ಯಾಸ ಎಲ್ಲಿಂದ ಬರಬೇಕು? ಹೆಣ್ಣುಮಕ್ಕಳ ತಾಯಂದಿರಿಗೆ ಈ ಪ್ರಶ್ನೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಎದುರು ವಾದವನ್ನೂ ಪೂರ್ತಿಯಾಗಿ ಕೇಳಬೇಕು, ಅದು ಹಗುರವಾದುದಲ್ಲ. ಮಗುವಿನ ಇಷ್ಟವನ್ನೇ ಹಿಂಬಾಲಿಸುತ್ತಾ ಕೂತರೆ ವರ್ಷಗಳು ಕಳೆಯುತ್ತವೆ. ಶೌಚ, ಸ್ನಾನ, ರಸ್ತೆ ದಾಟುವುದು, ನೀರು ಬೇಕೆಂದು ತಿಳಿಸುವುದು, ಇವನ್ನು ಕಲಿಸದೆ ಬಿಟ್ಟರೆ ಅದು ಕರುಣೆಯಲ್ಲ. ತತ್ತ್ವಾರ್ಥಸೂತ್ರದ ಹಿಂಸೆಯ ಲಕ್ಷಣದಲ್ಲಿ ಪ್ರಮಾದವೇ ಮೊದಲು ನಿಲ್ಲುತ್ತದೆ. ಕೈಕಟ್ಟಿ ಕೂತವನ ಎಚ್ಚರಗೇಡಿತನದಿಂದಲೂ ಪ್ರಾಣಕ್ಕೆ ಬಾಧೆಯಾಗುತ್ತದೆ. ತಂದೆತಾಯಿಗಳನ್ನು ರಾತ್ರಿ ಎಚ್ಚರವಾಗಿಡುವ ಚಿಂತೆಯೂ ಇದೇ: ತಾವು ಕಣ್ಮುಚ್ಚಿದ ಮೇಲೆ ಇವನಿಗೆ ಯಾರು? ಆಟಿಸಂ ಉಳ್ಳವರೇ ಆಗಿದ್ದು ಪಶುವಿಜ್ಞಾನದ ಪ್ರಾಧ್ಯಾಪಕಿಯಾದ ಟೆಂಪಲ್ ಗ್ರ್ಯಾಂಡಿನ್ ಅವರು 1947ರಲ್ಲಿ ಹುಟ್ಟಿ ಮೂರೂವರೆ ವರ್ಷದವರೆಗೆ ಮಾತನಾಡಿರಲಿಲ್ಲ. ತಾಯಿಯೂ ದಾದಿಯೂ ತನ್ನನ್ನು ತನ್ನ ಪಾಡಿಗೆ ಬಿಟ್ಟಿದ್ದರೆ ತಾನು ಈ ಸ್ಥಿತಿಗೆ ಬರುತ್ತಿರಲಿಲ್ಲವೆಂದು ಅವರು ಹಲವೆಡೆ ಬರೆದಿದ್ದಾರೆ. ಸರದಿಯ ಆಟಗಳನ್ನು ಆ ದಾದಿ ಪಟ್ಟುಹಿಡಿದು ಆಡಿಸುತ್ತಿದ್ದರಂತೆ. ಪಟ್ಟುಹಿಡಿಯುವುದೂ ಬೇಕು, ಆಟದ ಮಾರ್ಗವೆಂದರೆ ಸುಮ್ಮನಿರುವ ಮಾರ್ಗವಲ್ಲ. ಅಜ್ಜಿ ಲೋಟವನ್ನು ಹಿಂದಕ್ಕೆ ತೆಗೆದುಕೊಂಡರು, ಆದರೆ ಮರುದಿನ ಮತ್ತೆ ಬಂದು ಕೂತರು.

ಇದರಿಂದ ಫಲವುಂಟೇ ಎಂಬುದಕ್ಕೆ ಕಣ್ಣಿಗೆ ಕಟ್ಟುವ ಪವಾಡಗಳನ್ನು ಹುಡುಕಬಾರದು. ಇಂಗ್ಲೆಂಡಿನಲ್ಲಿ ಜೊನಾಥನ್ ಗ್ರೀನ್ ಮತ್ತು ಸಂಗಡಿಗರು 152 ಮಕ್ಕಳ ಮೇಲೆ ನಡೆಸಿದ ‘ಪ್ಯಾಕ್ಟ್’ ಪ್ರಯೋಗದ ಫಲಿತಾಂಶ 2010ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದಿತು. ಅಲ್ಲಿ ತರಬೇತಿ ದೊರೆತುದು ಮಗುವಿಗಲ್ಲ, ತಂದೆತಾಯಿಗಳಿಗೆ. ಅವರು ಮಗುವಿನೊಡನೆ ಆಡುವುದನ್ನು ವಿಡಿಯೋ ಚಿತ್ರ ಮಾಡಿ, ಅನಂತರ ಅವರೊಡನೆ ಕೂತು ನೋಡಿ, ಮಗು ಕೊಟ್ಟ ಸಣ್ಣ ಸನ್ನೆಯನ್ನು ಎಲ್ಲಿ ಗಮನಿಸಿದರು, ಎಲ್ಲಿ ತಪ್ಪಿಸಿಕೊಂಡರು ಎಂದು ಚರ್ಚಿಸುವುದೇ ಕ್ರಮ. ಮೊದಲ ಫಲ ಅಲ್ಪವಾಗಿಯೇ ಇತ್ತು. ಆದರೆ ಸುಮಾರು ಆರು ವರ್ಷಗಳ ಮೇಲೆ ಅದೇ ಮಕ್ಕಳನ್ನು ನೋಡಿ 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತೀವ್ರ ಲಕ್ಷಣಗಳುಳ್ಳ ಮಕ್ಕಳ ಪ್ರಮಾಣ ಈ ಗುಂಪಿನಲ್ಲಿ ನೂರಕ್ಕೆ 46, ಉಳಿದ ಗುಂಪಿನಲ್ಲಿ ನೂರಕ್ಕೆ 63 ಎಂದಿತ್ತು. ಇದೇ ಪದ್ಧತಿಯನ್ನು ಗೋವಾದಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ 65 ಮಕ್ಕಳೊಡನೆ ಪ್ರಯೋಗಿಸಿ ನೋಡಿದರು. 2016ರಲ್ಲಿ ಅದೂ ಪ್ರಕಟವಾಯಿತು. ಅಲ್ಲಿ ಕಲಿಸಿದವರು ದೊಡ್ಡ ತಜ್ಞರಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ತಂದೆತಾಯಿಗಳು ಮಗುವಿನ ಗತಿಗೆ ಹೊಂದಿಕೊಂಡು ನಡೆಯುವುದನ್ನು ಕಲಿತರು, ಮಗು ತಾನಾಗಿ ಸಂವಹನಕ್ಕೆ ತೊಡಗುವುದೂ ಹೆಚ್ಚಿತು. ಇಬ್ಬರೂ ಒಂದೇ ವಸ್ತುವಿನಲ್ಲಿ ಗಮನವಿಟ್ಟು ಕಳೆಯುವ ಹೊತ್ತು ಮಾತ್ರ ಹೆಚ್ಚಲಿಲ್ಲ, ಕಡಮೆಯೇ ಆಯಿತು. ಕೊನೆಯ ಮಾತನ್ನು ಸಂಶೋಧಕರು ಮುಚ್ಚಿಡದೆ ಬರೆದಿರುವುದರಿಂದ ಮೊದಲೆರಡು ಮಾತುಗಳನ್ನು ನಂಬಲು ಧೈರ್ಯ ಬರುತ್ತದೆ.

ಇಷ್ಟು ಒಪ್ಪಿದ ಮೇಲೂ ಗುರಿ ಯಾವುದೆಂಬ ಪ್ರಶ್ನೆ ಉಳಿಯುತ್ತದೆ. ಮಗು ಇತರ ಮಕ್ಕಳಂತೆ ಕಾಣುವುದೇ ಗುರಿಯೋ, ತನಗೆ ಬೇಕಾದುದನ್ನು ತಿಳಿಸಿ ಇತರರೊಡನೆ ಬಾಳುವುದು ಗುರಿಯೋ? ಆಟಿಸಂ ಉಳ್ಳವರೇ ಆದ ಜಿಮ್ ಸಿಂಕ್ಲೇರ್ ಅವರು 1993ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ತಂದೆತಾಯಿಗಳು ಅಳುವುದು ತಾವು ನಿರೀಕ್ಷಿಸಿದ್ದು ಹುಟ್ಟದೇ ಹೋದ ಮಗುವಿಗಾಗಿ. ಆ ಅಳುವನ್ನು ಎದುರಿಗೆ ನಿಂತಿರುವ ಮಗುವಿನ ಮೇಲೆ ಹೊರಿಸಬಾರದು ಎಂಬ ಅಭಿಪ್ರಾಯ ವ್ಯಕ್ತಪಡಿಸಿದರು. ಈ ಮಾತು ಮೊದಲು ಕಟುವಾಗಿ ಕೇಳುತ್ತದೆ. ಆದರೆ ಇಂಥ ಮಗು ಬೇಕೆಂಬ ಕಲ್ಪನೆಯನ್ನು ಬಿಗಿಯಾಗಿ ಹಿಡಿದಿರುವುದೂ ಒಂದು ಮೂರ್ಛೆ, ಒಂದು ಪರಿಗ್ರಹವೇ. ಹೊನ್ನು ಮಣ್ಣುಗಳ ಪರಿಗ್ರಹಕ್ಕೆ ಪರಿಮಾಣ ಹಾಕಿಕೊಂಡವರೂ ಇದನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಕೈ ಬಡಿಯುವುದರಿಂದ ಯಾರಿಗೂ ನೋವಿಲ್ಲವಾದರೆ ಅದನ್ನು ನಿಲ್ಲಿಸುವುದಕ್ಕೆ ಹಿರಿಯರ ನಾಚಿಕೆಯಲ್ಲದೆ ಬೇರೆ ಕಾರಣ ಹುಡುಕಬೇಕು. ತನ್ನ ಕೈಯನ್ನೇ ಕಚ್ಚಿಕೊಳ್ಳುವುದು ಬೇರೆ ಮಾತು. ಅದನ್ನು ತಡೆಯಲೇಬೇಕು, ತಡೆಯುವಾಗ ಅದು ಏನನ್ನು ಹೇಳಲು ಹೊರಟಿತ್ತೆಂಬುದನ್ನೂ ತಿಳಿಯಬೇಕು.

ಅತಿಭಾರದ ಮಾತು ಮಗುವಿಗೆ ಮುಗಿಯುವುದಿಲ್ಲ. ಫ್ಲೋರ್‌ಟೈಮಿನವರು 20 ನಿಮಿಷಕ್ಕೆ ಕಡಮೆಯಿಲ್ಲದಂತೆ ದಿನಕ್ಕೆ ಹಲವಾರು ಸಲ ಆಡಬೇಕೆಂದು ಹೇಳುತ್ತಾರೆ. ಹೇಳುವುದು ಸುಲಭ. ಬೆಳಿಗ್ಗೆ ನೀರು ಸೋಸುವುದರಿಂದ ಸೂರ್ಯಾಸ್ತದ ಮೊದಲು ಎಲ್ಲರಿಗೂ ಬಡಿಸಿ ಮುಗಿಸುವವರೆಗೆ ಅಡುಗೆಮನೆ ನಡೆಸುವ ತಾಯಿ, ಅದರೊಳಗೆ ಎಂಟು ಸಲ ನೆಲದ ಮೇಲೆ ಕೂತು, ಪ್ರತಿ ಸಲವೂ ಅವಸರವಿಲ್ಲದ ಮುಖದಿಂದ ಲೋಟ ಜೋಡಿಸಬೇಕು. ಆಡದಿದ್ದ ದಿನ ತಪ್ಪಿನ ಭಾವನೆ ಬೇರೆ. ಹೀಗೆ ಮಗುವಿನ ಹೆಗಲಿನಿಂದ ಇಳಿಸಿದ 40 ಗಂಟೆಗಳನ್ನು ತಾಯಿಯ ಹೆಗಲಿಗೆ ಹೇರಿದರೆ ಅತಿಚಾರವು ಸ್ಥಳ ಬದಲಿಸಿತೇ ವಿನಾ ಹೋಗಲಿಲ್ಲ. ತಂದೆ, ಅಜ್ಜ, ಅಜ್ಜಿ, ಅತ್ತೆ, ಚಿಕ್ಕಪ್ಪಂದಿರು ಒಬ್ಬೊಬ್ಬರು ಒಂದೊಂದು ಹೊತ್ತನ್ನು ವಹಿಸಿಕೊಳ್ಳುವ ಮನೆಗಳಲ್ಲಿ ಮಾತ್ರ ಈ ಮಾರ್ಗ ಬಹುಕಾಲ ನಡೆದೀತು. ಬೆಳಿಗ್ಗೆ ಸಾಮಾಯಿಕಕ್ಕೆ 48 ನಿಮಿಷ ಅಲುಗದೆ ಕೂರಬಲ್ಲ ಅಜ್ಜನಿಗೆ ಮೊಮ್ಮಗನ ಪಕ್ಕದಲ್ಲಿ 20 ನಿಮಿಷ ಕೂರುವುದು ಅಸಾಧ್ಯವೇನಲ್ಲ. ಆದರೆ ಆ ಹೊತ್ತಿನಲ್ಲಿ ಅವನಿಗೆ ಏನನ್ನೂ ‘ಹೇಳಿಕೊಡ’ದೆ ಇರುವುದು ಅಜ್ಜಂದಿರಿಗೆ ಕಷ್ಟವಾದೀತು.

ಕಾನೂನು ಈ ಮಕ್ಕಳನ್ನು ಗುರುತಿಸಿದುದು ತಡವಾಗಿ. 1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಆಟಿಸಂನ ಹೆಸರಿರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಅದು ಬಂದಿತು. 2016ರ ಕಾಯಿದೆಯು ಗುರುತಿಸಿದ 21 ವಿಧಗಳಲ್ಲಿ ಅದೂ ಒಂದಾಯಿತು. ಶಾಲೆಯಲ್ಲಿ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ 2009ರ ಶಿಕ್ಷಣದ ಹಕ್ಕಿನ ಕಾಯಿದೆ ನಿಷೇಧಿಸಿದೆ. ಪರೀಕ್ಷೆ ಸಲಹೆಗಳಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ. ಅಲ್ಲಿಗೆ ಹೋಗುವುದನ್ನು ನಾಚಿಕೆಯಿಂದ ಮುಂದೂಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಬಸದಿಗಳ ಆಡಳಿತ ನಡೆಸುವವರಿಗೂ ಇದರಲ್ಲಿ ಪಾಲುಂಟು. ಭಾನುವಾರದ ಪಾಠಶಾಲೆಯಲ್ಲಿ ಕೈಕಟ್ಟಿ ಕೂತು ಸ್ತೋತ್ರ ಒಪ್ಪಿಸಬಲ್ಲ ಮಕ್ಕಳಿಗೆ ಬಹುಮಾನವಿದೆ. ಕೂರಲಾರದ ಮಗು ಎರಡನೆಯ ವಾರದಿಂದ ಬರುವುದಿಲ್ಲ, ಯಾಕೆ ಬರಲಿಲ್ಲವೆಂದು ಕೇಳುವವರೂ ವಿರಳ. ಜಾಗಟೆ ಗಂಟೆಗಳು ಒಟ್ಟಿಗೆ ಮೊಳಗುವ ಅಭಿಷೇಕದ ಹೊತ್ತಿನಲ್ಲಿ ಕಿವಿ ಮುಚ್ಚಿಕೊಂಡು ಕಿರಿಚುವ ಮಗುವನ್ನು ಹೊರಗೆ ಕರೆದೊಯ್ಯಿರಿ ಎನ್ನುವ ಕಣ್ಣುಗಳು ಹತ್ತಾರಿರುತ್ತವೆ. ಅದೇ ಮಗು ಜನವಿಲ್ಲದ ಮಧ್ಯಾಹ್ನ ಬಂದರೆ, ಕಂಬಗಳನ್ನು ಒಂದೊಂದಾಗಿ ಮುಟ್ಟುತ್ತಾ ನವರಂಗವನ್ನು ಹತ್ತು ಸುತ್ತು ಬರಬಹುದು. ಅಕ್ಕಿಕಾಳುಗಳನ್ನು ಮಣೆಯ ಮೇಲೆ ಸಾಲಾಗಿ ಇಡುತ್ತಾ ಇತರ ಮಕ್ಕಳಿಗಿಂತ ಹೆಚ್ಚು ಹೊತ್ತು ಕೂರಬಹುದು. ಅದು ಪ್ರದಕ್ಷಿಣೆಯೋ ಆಟವೋ, ಪೂಜೆಯೋ ಸಾಲು ಜೋಡಿಸುವ ಹಟವೋ ಎಂದು ಅರ್ಚಕರು ನಿರ್ಣಯಿಸಬೇಕಾಗಿಲ್ಲ. ಅಂಥ ಒಂದು ಹೊತ್ತನ್ನು ವಾರದಲ್ಲಿ ಗೊತ್ತುಮಾಡಿ, ಗಂಟೆಯ ನಾಲಗೆಗೆ ಬಟ್ಟೆ ಸುತ್ತಿ, ಬಾಗಿಲ ಬಳಿ ತಾಳ್ಮೆಯುಳ್ಳ ಒಬ್ಬರನ್ನು ಕೂರಿಸಲು ಹೆಚ್ಚಿನ ವೆಚ್ಚ ಬೇಕಾಗದು. ಕೂರುವವರು ಮೊದಲ ಕೆಲವು ವಾರ ಮಗುವಿನಿಂದ ನಮಸ್ಕಾರವನ್ನು ಕೂಡ ಕೇಳಬಾರದು.